ಆಫೀಸಿನ ಟೆಲಿಫೋನ್ ವೈರಿಂಗ್: ಅಚ್ಚುಕಟ್ಟು ಏಕೆ ಬೇಕು?

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇಂಟರ್‌ಕಾಮ್ ಯಾರಿಗೆ ಬೇಕು ಎಂದು ನನ್ನ ತರಗತಿಯ ಗೆಳೆಯರು ಕೇಳುತ್ತಾರೆ. ನರ್ಸಿಂಗ್ ಹೋಮ್, ಲಾಡ್ಜ್ ಅಥವಾ ಶಾಲೆಯ ಆಫೀಸಿಗೆ ಹೋದಾಗ ಮೇಜಿನ ಮೇಲೆ ನೋಡಿ. ವೈರಿನ ಫೋನ್ ಈಗಲೂ ಹಲವು ಕಡೆ ಇದೆ. ವಾರ್ಡಿನಿಂದ ಮೆಡಿಕಲ್‌ಗೆ, ರಿಸೆಪ್ಷನ್‌ನಿಂದ ಮ್ಯಾನೇಜರ್ ಕೋಣೆಗೆ ಎರಡು ಅಂಕಿ ಒತ್ತಿದರೆ ಸಾಕು. ಒಳಗೊಳಗೆ ಮಾತನಾಡಲು ಸಿಮ್ ಬೇಡ, ರೀಚಾರ್ಜ್ ಬೇಡ. ಡ್ಯೂಟಿಯಲ್ಲಿರುವವರು ಬದಲಾದರೂ ನಂಬರ್ ಬದಲಾಗುವುದಿಲ್ಲ.

ನನ್ನ ಮಾಮು ಇಂಥ ಫೋನ್‌ಗಳನ್ನು ಅಳವಡಿಸುವ ಕೆಲಸ ಮಾಡುತ್ತಾರೆ. ಎರಡು ಬೇಸಿಗೆ ರಜೆಗಳಲ್ಲಿ ನಾನು ಅವರ ಜೊತೆ ಹೋಗಿ ಏಣಿ ಹಿಡಿದೆ, ವೈರ್ ಎಳೆದೆ, ನಂಬರಿನ ಚೀಟಿ ಅಂಟಿಸಿದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಭೌತಶಾಸ್ತ್ರದ ಪಾಠಕ್ಕೂ ಇದಕ್ಕೂ ಸಂಬಂಧವಿದೆ.

ಪೆಟ್ಟಿಗೆಯೊಳಗೆ ಏನಿದೆ?

ಗೋಡೆಯ ಮೇಲಿನ ಚಿಕ್ಕ ಯಂತ್ರಕ್ಕೆ ಇಪಿಎಬಿಎಕ್ಸ್ ಎನ್ನುತ್ತಾರೆ. ಪೂರ್ಣ ಹೆಸರು ಎಲೆಕ್ಟ್ರಾನಿಕ್ ಪ್ರೈವೇಟ್ ಆಟೋಮ್ಯಾಟಿಕ್ ಬ್ರಾಂಚ್ ಎಕ್ಸ್‌ಚೇಂಜ್. ಅಂದರೆ ಒಂದು ಕಟ್ಟಡಕ್ಕೆ ಸೀಮಿತವಾದ ಪುಟ್ಟ ಎಕ್ಸ್‌ಚೇಂಜ್. ಹೊರಗಿನಿಂದ 3 ಲೈನ್, ಒಳಗೆ 8 ಫೋನ್ ಇರುವ ಯಂತ್ರ ಸಣ್ಣ ಆಫೀಸಿಗೆ ಸಾಕು. ಚಿಕ್ಕ ಎಕ್ಸ್‌ಚೇಂಜಿನ ಇತಿಹಾಸದಲ್ಲಿ ನಮ್ಮ ರಾಜ್ಯಕ್ಕೂ ಒಂದು ಸ್ಥಾನವಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಲೈನಿನ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಹಾಕಿದ್ದು ಕಿತ್ತೂರಿನಲ್ಲಿ.

ಒಂದು ಫೋನಿಗೆ ಬೇಕಾದದ್ದು ಎರಡೇ ತಂತಿ. ಇದನ್ನು ಪೇರ್ ಎನ್ನುತ್ತಾರೆ. ಹೊರಗಿನ ಲೈನಿನಲ್ಲಿ ರಿಸೀವರ್ ಇಟ್ಟಿರುವಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ರಿಸೀವರ್ ಎತ್ತಿದ ಕೂಡಲೇ ಸರ್ಕ್ಯೂಟ್ ಪೂರ್ಣಗೊಂಡು ಕರೆಂಟ್ ಹರಿಯುತ್ತದೆ. ಯಾರೋ ಫೋನ್ ಎತ್ತಿದ್ದಾರೆ ಎಂದು ಎಕ್ಸ್‌ಚೇಂಜಿಗೆ ಗೊತ್ತಾಗುವುದು ಹೀಗೆ. ರಿಂಗ್ ಆಗುವಾಗ 75 ವೋಲ್ಟ್ ಆಸುಪಾಸಿನ ಎಸಿ ಬರುತ್ತದೆ. ಆಗ ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಲೈನ್ ಬಿಡಿಸಿ ಕೆಲಸ ಮಾಡಬೇಕು. ಗುಡುಗು ಮಿಂಚು ಇರುವಾಗ ಬಾಕ್ಸ್ ತೆರೆಯಲೇಬಾರದು.

ದೂರ ಅಲ್ಲ, ಜಾಯಿಂಟ್

ತಂತಿ ಉದ್ದವಾದಷ್ಟೂ ರೋಧ ಹೆಚ್ಚು ಎಂದು ನಾವು ಓದಿದ್ದೇವೆ. 0.5 ಮಿ.ಮೀ. ದಪ್ಪದ ತಾಮ್ರದ ಪೇರ್ 100 ಮೀಟರ್ ಹೋದರೆ ಎರಡೂ ತಂತಿ ಸೇರಿ ರೋಧ ಸುಮಾರು 17 ಓಮ್. ಸೂತ್ರ ಹಾಕಿ ನೀವೇ ಲೆಕ್ಕ ಮಾಡಬಹುದು. ಟೆಲಿಫೋನಿಗೆ ಇದು ಏನೂ ಅಲ್ಲ. ಆದರೆ ನಡುವೆ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಒಂದು ಜಾಯಿಂಟ್ ಇದ್ದರೆ, ಮಳೆಗಾಲದ ತೇವಕ್ಕೆ ತಾಮ್ರ ಹಸಿರುಗಟ್ಟಿ ಅಲ್ಲಿಂದಲೇ ಗೊರಗೊರ ಸದ್ದು ಶುರುವಾಗುತ್ತದೆ. ಹೀಗಾಗಿ ಮೊದಲ ನಿಯಮ: ಪ್ರತಿ ಫೋನಿನಿಂದಲೂ ಒಂದೊಂದು ಪೇರ್ ನೇರವಾಗಿ ಮುಖ್ಯ ಬಾಕ್ಸಿಗೆ ಬರಬೇಕು, ನಡುವೆ ಜಾಯಿಂಟ್ ಇರಬಾರದು. ಈ ಮುಖ್ಯ ಬಾಕ್ಸಿಗೆ ಎಂಡಿಎಫ್ ಎಂದು ಹೆಸರು.

ಪೇರಿನ ಎರಡು ತಂತಿಗಳನ್ನು ಜಡೆಯಂತೆ ಹೆಣೆದಿರುವುದಕ್ಕೂ ಕಾರಣವಿದೆ. ಪಕ್ಕದ ಕರೆಂಟ್ ವೈರಿನ ಕಾಂತಕ್ಷೇತ್ರ ಟೆಲಿಫೋನ್ ತಂತಿಯಲ್ಲಿ ಗುಂಯ್ ಎನ್ನುವ ಸದ್ದನ್ನು ಪ್ರೇರಿಸುತ್ತದೆ. ಹೆಣೆದಿದ್ದರೆ ಎರಡು ತಂತಿಗಳಲ್ಲೂ ಅದು ಸಮನಾಗಿ ಬಂದು ಒಂದಕ್ಕೊಂದು ರದ್ದಾಗುತ್ತದೆ. ಗ್ರಹಾಂ ಬೆಲ್ ಈ ಉಪಾಯಕ್ಕೆ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಒಂದು ಪೇರಿನಿಂದ ಒಂದು ತಂತಿ, ಇನ್ನೊಂದರಿಂದ ಮತ್ತೊಂದು ತಂತಿ ತೆಗೆದು ಫೋನ್ ಕೊಟ್ಟರೆ ಈ ಲಾಭ ಹೋಗುತ್ತದೆ. ಫೋನ್ ಕೆಲಸ ಮಾಡುತ್ತದೆ, ಜೊತೆಗೆ ಪಕ್ಕದ ಲೈನಿನ ಮಾತೂ ಕೇಳಿಸತೊಡಗುತ್ತದೆ. ಡಾಕ್ಟರ್ ರೋಗಿಯ ಬಗ್ಗೆ ಆಡಿದ ಮಾತು ರಿಸೆಪ್ಷನ್‌ನಲ್ಲಿ ಕೇಳಿಸಿದರೆ ಹೇಗೆ? ಟೆಲಿಫೋನ್ ವೈರನ್ನು ಕರೆಂಟ್ ವೈರಿನಿಂದ ಕನಿಷ್ಠ ಒಂದು ಅಡಿ ದೂರದಲ್ಲಿ, ಬೇರೆ ಕೇಸಿಂಗ್ ಪಟ್ಟಿಯಲ್ಲಿ ಎಳೆಯಬೇಕು. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಬೇಕು.

ಹತ್ತು ಬಣ್ಣಗಳ ಲೆಕ್ಕ

ಕೇಬಲ್ ಬಿಚ್ಚಿದರೆ ಬಣ್ಣದ ತಂತಿಗಳ ರಾಶಿ ಕಾಣುತ್ತದೆ. ಅದರಲ್ಲಿ ಸರಳ ಕ್ರಮವಿದೆ. ಗುಂಪಿನ ಬಣ್ಣ ಐದು: ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಜೊತೆಯ ಬಣ್ಣ ಐದು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಬಿಳಿ–ನೀಲಿ ಮೊದಲ ಪೇರ್, ಬಿಳಿ–ಕಿತ್ತಳೆ ಎರಡನೆಯದು, ಬಿಳಿ–ಬೂದು ಐದನೆಯದು. ಆರನೆಯದು ಕೆಂಪು–ನೀಲಿ. ಹೀಗೆ ಐದೈದಲಿ ಇಪ್ಪತ್ತೈದು ಪೇರ್. ಇದನ್ನು ಬಾಯಿಪಾಠ ಮಾಡಿದವರಿಗೆ ಹದಿನಾಲ್ಕನೇ ಪೇರ್ ಯಾವುದು ಎಂದು ಕೇಳಿದರೆ ಕಪ್ಪು–ಕಂದು ಎಂಬ ಉತ್ತರ ತಕ್ಷಣ ಬರುತ್ತದೆ.

ಬಾಕ್ಸಿನೊಳಗೆ ಹತ್ತು ಪೇರ್ ಹಿಡಿಯುವ ಕ್ರೋನ್ ಮಾಡ್ಯೂಲ್‌ಗಳಿರುತ್ತವೆ. ಇದಕ್ಕೆ ತಂತಿಯ ಸಿಪ್ಪೆ ಸುಲಿಯಬೇಕಿಲ್ಲ, ಸ್ಕ್ರೂ ಬೇಕಿಲ್ಲ, ಬೆಸುಗೆ ಬೇಕಿಲ್ಲ. ಕ್ರೋನ್ ಟೂಲ್‌ನಿಂದ ಒತ್ತಿದರೆ ಸಂದಿನ ಲೋಹ ಸಿಪ್ಪೆಯನ್ನು ಸೀಳಿ ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಾದ ತುದಿ ಕತ್ತರಿಸಿ ಬೀಳುತ್ತದೆ. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಆ ಸಂದು ಅಗಲವಾಗಿ ಹಾಳಾಗುತ್ತದೆ.

ಮಾಡ್ಯೂಲ್‌ಗಳನ್ನು ಎರಡು ಸಾಲಾಗಿ ಹಾಕುತ್ತಾರೆ. ಒಂದು ಸಾಲಿಗೆ ಯಂತ್ರದಿಂದ ಬಂದ ಪೇರ್‌ಗಳು, ಇನ್ನೊಂದಕ್ಕೆ ಕೋಣೆಗಳಿಂದ ಬಂದ ಪೇರ್‌ಗಳು. ನಡುವೆ ಜಂಪರ್ ಎಂಬ ಚಿಕ್ಕ ಪೇರ್. ಅಕೌಂಟೆಂಟ್ ಬೇರೆ ಕೋಣೆಗೆ ಹೋದರೆ ಹಳೆಯ ನಂಬರನ್ನೇ ಅಲ್ಲಿಗೆ ಕೊಡಲು ಜಂಪರ್ ಬದಲಿಸಿದರಾಯಿತು, ಗೋಡೆಯ ವೈರ್ ಮುಟ್ಟಬೇಕಿಲ್ಲ. ಫೋನ್ ಕೆಟ್ಟರೂ ಹುಡುಕುವುದು ಸುಲಭ. ಜಂಪರ್ ಬಿಡಿಸಿ ಯಂತ್ರದ ಕಡೆ ಟೆಸ್ಟ್ ಫೋನ್ ಹಚ್ಚಿ. ಡಯಲ್ ಟೋನ್ ಬಂದರೆ ಯಂತ್ರ ಸರಿ, ದೋಷ ಇರುವುದು ಕೋಣೆಯ ಕಡೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹೊರಗಿನ ಲೈನ್ ಬರುವ ಕಡೆ ಸಿಡಿಲಿನ ರಕ್ಷಣೆಗೆ ಜಿಡಿ ಟ್ಯೂಬ್ ಹಾಕಿ, ಅದನ್ನು ಒಳ್ಳೆಯ ಅರ್ತಿಂಗ್‌ಗೆ ಜೋಡಿಸಬೇಕು. ಅರ್ತಿಂಗ್ ಇಲ್ಲದ ಜಿಡಿ ಟ್ಯೂಬ್ ಇದ್ದೂ ಇಲ್ಲದಂತೆ.

ಚೀಟಿ ಇಲ್ಲದ ಬಾಕ್ಸ್

ಕಳೆದ ಮೇ ತಿಂಗಳಲ್ಲಿ ಒಂದು ನರ್ಸಿಂಗ್ ಹೋಮಿನಿಂದ ಮಾಮುಗೆ ಕರೆ ಬಂತು. ಮೇಲಿನ ಮಹಡಿಯ ಹೆರಿಗೆ ವಾರ್ಡಿನ ಫೋನ್ ಸತ್ತಿತ್ತು. ಡಾಕ್ಟರನ್ನು ಕರೆಯಲು ಆಯಾ ಪ್ರತಿಸಲ ಮೆಟ್ಟಿಲಿಳಿದು ಓಡುತ್ತಿದ್ದರು. ಬಾಕ್ಸ್ ತೆರೆದರೆ ವೈರುಗಳ ಗಂಟು. ಬಣ್ಣದ ಕ್ರಮವಿಲ್ಲ, ನಂಬರ್ ಇಲ್ಲ, ಚೀಟಿ ಇಲ್ಲ. ಒಂದೊಂದೇ ಪೇರ್ ಹಿಡಿದು ಹುಡುಕುತ್ತಾ ಹೋದೆವು. ಕೊನೆಗೆ ಫಾಲ್ಸ್ ಸೀಲಿಂಗ್ ಮೇಲೆ ಟೇಪ್ ಸುತ್ತಿದ ಹಳೆಯ ಜಾಯಿಂಟ್ ಸಿಕ್ಕಿತು. ಹುಡುಕಲು ಮೂರು ಗಂಟೆ, ಸರಿಮಾಡಲು ಹತ್ತು ನಿಮಿಷ. ಅಷ್ಟು ಹೊತ್ತೂ ಆಯಾ ಓಡುತ್ತಲೇ ಇದ್ದರು.

"ನೋಡು ಬೇಟಾ, ವೈರ್ ಹಾಕಿದವನು ಹೋಗಿಬಿಡ್ತಾನೆ, ಕಷ್ಟ ಇಲ್ಲಿರೋರಿಗೆ" ಎಂದರು ಮಾಮು. ಅಂದಿನಿಂದ ಅಚ್ಚುಕಟ್ಟು ಎಂದರೆ ನನಗೆ ಬರೀ ನೋಟದ ಚೆಂದವಲ್ಲ. ನಮ್ಮನ್ನು ಎಂದೂ ನೋಡದ ಮತ್ತೊಬ್ಬ ಕೆಲಸಗಾರನಿಗೆ ಬಾಕ್ಸ್ ತೆರೆದ ಕೂಡಲೇ ಎಲ್ಲವೂ ಅರ್ಥವಾಗಬೇಕು. ಅದಕ್ಕೆ ಬೇಕಾದದ್ದು ಇಷ್ಟು: ವೈರಿನ ಎರಡೂ ತುದಿಗೆ ಒಂದೇ ನಂಬರ್; ಬಾಕ್ಸಿನ ಬಾಗಿಲ ಒಳಗೆ ಪೇರ್, ಎಕ್ಸ್‌ಟೆನ್ಷನ್, ಕೋಣೆಯ ಪಟ್ಟಿ; ಮುಂದೆ ಬೇಕಾದೀತೆಂದು ಎರಡು ಹೆಚ್ಚುವರಿ ಪೇರ್; ಮತ್ತೆ ಜೋಡಿಸಲು ಒಂದು ಗೇಣು ಹೆಚ್ಚು ವೈರ್.

ಈಗ ಹಲವು ಆಫೀಸುಗಳು ಐಪಿ ಫೋನಿಗೆ ಬದಲಾಗುತ್ತಿವೆ. ಆದರೆ ಅದರ ಲ್ಯಾನ್ ಕೇಬಲ್‌ನಲ್ಲಿರುವ ನಾಲ್ಕು ಪೇರ್‌ಗಳೂ ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣದವೇ. ಹೆಣಿಗೆಯ ತತ್ವವೂ ಅದೇ. ಇಲ್ಲಿ ಕಲಿತದ್ದು ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಆಸಕ್ತಿ ಇದ್ದರೆ ಐದು ಮೀಟರ್ ಎರಡು ಪೇರಿನ ವೈರ್, ಎರಡು ರೋಸೆಟ್ ಬಾಕ್ಸ್ ಕೊಂಡು ಮನೆಯಲ್ಲೇ ಅಭ್ಯಾಸ ಮಾಡಿ. ಪೇರ್ ಸರಿಯಾಗಿದೆಯೇ ಎಂದು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ. ಎಲ್ಲ ಮುಗಿದ ಮೇಲೆ ತಮ್ಮನನ್ನೋ ತಂಗಿಯನ್ನೋ ಕರೆದು, ಎರಡನೇ ನಂಬರಿನ ವೈರ್ ಯಾವುದೆಂದು ಕೇಳಿ. ನಿಮ್ಮನ್ನು ಏನೂ ಕೇಳದೆ ಅವರು ಬೆರಳಿಟ್ಟು ತೋರಿಸಿದರೆ ಕೆಲಸ ಸರಿಯಾಗಿದೆ.