ಅಲುಗದ ಮುಳ್ಳು

ಅರ್ಥಶಾಸ್ತ್ರದ ಅಧ್ಯಾಪಕನಾದ ನಾನು ಬೆಲೆಯೇರಿಕೆಯನ್ನು ಕುರಿತು ಬರೆದುಕೊಡುವೆನೆಂದು ಸಂಪಾದಕ ಮಂಡಲಿಯವರು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವುದು ಬೆಲೆಯ ಏರಿಕೆಯಲ್ಲ, ತೂಕ ಇಳಿಯದಿರುವುದು. ವಾಚಕರು ನಗಬಹುದು. ಸ್ಟಾಫ್ ರೂಮಿನಲ್ಲಿ ಈಗಾಗಲೇ ಸಾಕಷ್ಟು ನಕ್ಕಿದ್ದಾರೆ.

ನಮ್ಮ ತಂದೆಯವರು ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡು, ಕೊನೆಯ ಆರು ವರ್ಷಗಳನ್ನು ಜಗಲಿಯ ಮೇಲೆ ಕುಳಿತೇ ಕಳೆದವರು. ನನಗೆ 46 ತುಂಬಿದಾಗ ವೈದ್ಯರು ರಕ್ತದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ನೋಡಿ 6.2 ಎಂದರು. 5.7ರಿಂದ 6.4ರವರೆಗೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಮನೆ. ಆಗ ನನ್ನ ತೂಕ 94 ಕಿಲೋ.

ಅಂದಿನಿಂದ ಅನ್ನ ಅರ್ಧವಾಯಿತು, ಕ್ಯಾಂಟೀನಿನ ಬೋಂಡ ನಿಂತಿತು, ಬೆಳಗಿನ ಜಾವದ ನಡಿಗೆ ಮೊದಲಾಯಿತು. ಮೊದಲ ಹದಿನೈದು ದಿನಗಳಲ್ಲೇ ಮೂರು ಕಿಲೋ ಇಳಿದಾಗ ನಾನು ಬೀಗಿದ್ದುಂಟು. ಅದರಲ್ಲಿ ಬಹುಪಾಲು ನೀರೆಂಬುದು ಆಮೇಲೆ ತಿಳಿಯಿತು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರವಾಗಿರುವ ಗ್ಲೈಕೊಜೆನ್ ತನ್ನ ತೂಕದ ಸುಮಾರು ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ; ಊಟ ಕಡಿಮೆಯಾದೊಡನೆ ಮೊದಲು ಕರಗುವುದು ಅದೇ. ಅಂತೂ ಏಳು ತಿಂಗಳಿಗೆ 83 ಕಿಲೋ ಆಯಿತು. ಅಲ್ಲಿಗೆ ಮುಳ್ಳು ನಿಂತಿತು. ಒಂದು ವಾರವಲ್ಲ, ಎರಡು ವಾರವಲ್ಲ, ಐದು ತಿಂಗಳು!

ದಿನಕ್ಕೆ ಎರಡು ಬಾರಿ ತೂಕದ ಯಂತ್ರವನ್ನು ಹತ್ತಿದೆ. ಅದನ್ನು ಅಡಿಗೆಮನೆಯ ನೆಲದಿಂದ ನಡುಮನೆಗೆ ಸಾಗಿಸಿ ನೋಡಿದೆ. ಯುಗಾದಿಯ ದಿನ ರೋಸಿಹೋಗಿ ಐದು ಒಬ್ಬಟ್ಟು ತಿಂದು, ಮರುದಿನ ನಡಿಗೆಗೂ ಹೋಗದೆ ಮಲಗಿದೆ. ನಮ್ಮ ಮನೆಯವರು, “ಇಳಿಯದಿದ್ದರೆ ಹೋಗಲಿ ಬಿಡಿ, ಏರಲಿಲ್ಲವಲ್ಲ” ಎಂದರು. ಸಮಾಧಾನದ ಮಾತೆಂದು ಅದನ್ನು ಆಗ ತಳ್ಳಿಹಾಕಿದೆ.

ಇಪ್ಪತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬೇಡಿಕೆಯ ರೇಖೆ, ಪೂರೈಕೆಯ ರೇಖೆಗಳನ್ನೆಳೆದು, ಅವೆರಡೂ ಸಂಧಿಸುವ ಸ್ಥಳವೇ ಸಮತೋಲ ಬಿಂದುವೆಂದು ಕೂಗಿ ಹೇಳಿದವನಿಗೆ, ತನ್ನ ಕಾಲಕೆಳಗೇ ಇದ್ದ ಸಮತೋಲ ಕಾಣಲಿಲ್ಲವೆಂದರೆ ಏನೆನ್ನಬೇಕು? ಹಗುರಾದ ದೇಹಕ್ಕೆ ಬೇಕಾದ ಆಹಾರ ಕಡಿಮೆ. ಇಳಿದ ಒಂದೊಂದು ಕಿಲೋವಿಗೂ ದಿನದ ಖರ್ಚು ಸುಮಾರು 20 ಕ್ಯಾಲೊರಿಯಷ್ಟು ತಗ್ಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೆವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಂಗಡಿಗರೂ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೋವಿಗೂ ಹಸಿವು ಮೊದಲಿಗಿಂತ ದಿನಕ್ಕೆ ಸುಮಾರು 100 ಕ್ಯಾಲೊರಿ ಹೆಚ್ಚಾಗಿ ಕೇಳತೊಡಗುತ್ತದೆ. ಖರ್ಚು ತಗ್ಗುವುದಕ್ಕಿಂತ ಹಸಿವಿನ ಎಳೆತವೇ ಐದು ಪಾಲು! ಹನ್ನೊಂದು ಕಿಲೋ ಇಳಿದವನ ಹಸಿವು ಎಷ್ಟು ಜೋರಾಗಿ ಎಳೆಯುತ್ತಿರಬೇಕು, ವಾಚಕರೇ ಗುಣಿಸಿ ನೋಡಲಿ. ಅಂದರೆ ಆ ಐದು ತಿಂಗಳು ನಾನು ಸುಮ್ಮನೆ ನಿಂತಿರಲಿಲ್ಲ. ಹೊಳೆಯ ಸೆಳವಿಗೆ ಎದುರಾಗಿ ಹುಟ್ಟು ಹಾಕುತ್ತ ಇದ್ದಲ್ಲೇ ಇದ್ದೆ. ಮನೆಯವರ ಮಾತು ಬರಿಯ ಸಮಾಧಾನವಾಗಿರಲಿಲ್ಲ, ಸರಿಯಾದ ಲೆಕ್ಕವೇ ಆಗಿತ್ತು.

ಮುಳ್ಳು ಹೇಳುವುದೆಲ್ಲವೂ ಪೂರ್ತಿ ನಿಜವೂ ಅಲ್ಲ. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಮಂದಿ ತರುಣರನ್ನು, ಅವರೊಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರ ನಾಡಿಯ ಬಡಿತ ನಿಧಾನವಾಯಿತು, ದೇಹ ತನ್ನ ಖರ್ಚನ್ನು ತಾನೇ ಬಿಗಿಹಿಡಿಯಿತು. ಕಾಲುಗಳಲ್ಲಿ ನೀರು ತುಂಬಿ, ಕರಗಿದ ಮೈ ತಕ್ಕಡಿಯಲ್ಲಿ ಪೂರ್ತಿ ಕಾಣದಂತಾಯಿತು. ನನ್ನದು ಅಂಥ ಉಪವಾಸವೇನಲ್ಲ. ಆದರೂ ಉಪ್ಪಿನಕಾಯಿ ಜಾಸ್ತಿಯಾದ ಮರುದಿನ ಒಂದು ಕಿಲೋ ಏರಿ, ಮೂರನೆಯ ದಿನ ತಾನಾಗಿ ಇಳಿಯುವುದನ್ನು ಕಂಡಿದ್ದೇನೆ. ಅದಕ್ಕಾಗಿ ಈಗ ತೂಕ ಭಾನುವಾರಕ್ಕೊಮ್ಮೆ ಮಾತ್ರ. ಯಂತ್ರ ಮಿಕ್ಕ ದಿನಗಳಲ್ಲಿ ಮಂಚದ ಕೆಳಗಿರುತ್ತದೆ.

ಇನ್ನೊಂದು ತಪ್ಪೊಪ್ಪಿಗೆ. ಎರಡು ವಾರ ಎಣ್ಣೆಯನ್ನೂ ಅನ್ನವನ್ನೂ ಅಳತೆಯಿಂದಲೇ ಹಾಕಿ ನೋಡಿದಾಗ, ನಾನು ‘ಅರ್ಧ’ವೆಂದುಕೊಂಡಿದ್ದ ಅನ್ನ ಮುಕ್ಕಾಲಾಗಿತ್ತು. ಬಡಿಸಿಕೊಂಡ ಕೈ ನನ್ನದೇ. ಅಡಿಗೆಯವರನ್ನು ಸಂಶಯಿಸಿದ್ದಕ್ಕೆ ಆ ರಾತ್ರಿ ಕ್ಷಮೆ ಕೇಳಬೇಕಾಯಿತು.

ಹಾಗಾದರೆ ಉತ್ಸಾಹ ಎಲ್ಲಿಂದ ಬಂತೆಂದು ಕೇಳಬಹುದು. ಬರಲಿಲ್ಲ. ನಿವೃತ್ತರಾದ ನಮ್ಮ ಕಾಲೇಜಿನ ಅಟೆಂಡರರೊಬ್ಬರು ಬೆಳಗ್ಗೆ ಐದೂವರೆಗೆ ಗೇಟಿನ ಬಳಿ ಬಂದು, “ಸಾರ್, ಎದ್ದಿದ್ದೀರಾ?” ಎಂದು ಕೂಗುತ್ತಾರೆ. ಆ ಹಿರಿಯರನ್ನು ಚಳಿಯಲ್ಲಿ ನಿಲ್ಲಿಸಲಾರದೆ ಏಳುತ್ತೇನೆ. ಮುಳ್ಳು ನಿಂತ ತಿಂಗಳುಗಳಲ್ಲೇ ದರ್ಜಿಯವರು ನನ್ನ ಷರಾಯಿಯ ಸೊಂಟವನ್ನು ಒಂದೂವರೆ ಅಂಗುಲ ಹಿಡಿದರು. ಮೂರನೆಯ ಮಹಡಿಯ ತರಗತಿಗೆ ಈಗ ನಡುವೆ ನಿಲ್ಲದೆ ಹತ್ತುತ್ತೇನೆ. ಹಾಜರಿ ಕೂಗುವಾಗ ಏದುಸಿರಿಲ್ಲ. ಇದು ಹಿಂದಿನ ಬೆಂಚಿನವರಿಗೆ ಸಂತೋಷದ ಸಂಗತಿಯಲ್ಲ.

ಮೊನ್ನೆ ಮತ್ತೆ ರಕ್ತಪರೀಕ್ಷೆಯಾಯಿತು. 5.8. ಹೊಸ್ತಿಲಿನಿಂದ ಪೂರ್ತಿ ಹೊರಬಂದಿಲ್ಲ, ಒಂದು ಕಾಲು ಅಂಗಳದಲ್ಲಿದೆ. ಮನೆಗೆ ಬಂದು ತಂದೆಯವರು ಕೂರುತ್ತಿದ್ದ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ತೂಕ ಇನ್ನೂ 83. ಭಾನುವಾರಕ್ಕೆ ನಾಲ್ಕು ದಿನವಿದೆ.