ದೀಪ ದೂರ ಇಟ್ಟಿದ್ದೇ ತಪ್ಪಾಯ್ತು

‘ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಈ ಫೋಟೊ ಬೇಡ, ಹಳೇ ಪಾಸ್‌ಪೋರ್ಟ್ ಸೈಜ್ ಫೋಟೊನೇ ಹಾಕ್ತೀನಿ.’

ನಾನು ಓದಿದ ಕಾಲೇಜಿನದೇ ಅಂತಿಮ ವರ್ಷದ ಹುಡುಗಿ. ಹಾಗೆ ಹೇಳಿದಾಗ ನನಗೆ ಏನು ಉತ್ತರ ಕೊಡಬೇಕೋ ತೋಚಲಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಕಳಿಸುವ ರೆಸ್ಯೂಮೆಗಳಿಗೆ ಫೋಟೊ ಬೇಕಿತ್ತು. ನಲವತ್ತು ಜನ, ತಲೆಗೆ ನೂರು ರೂಪಾಯಿ. ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದ ನನಗೆ ಅದು ಮೊದಲ ಆರ್ಡರ್. ಅಮ್ಮನ ಚೀಟಿ ದುಡ್ಡಿನಲ್ಲಿ 400 ವಾಟ್-ಸೆಕೆಂಡಿನ ಸೆಕೆಂಡ್‌ಹ್ಯಾಂಡ್ ಸ್ಟ್ರೋಬ್ ಲೈಟ್, ಅದರ ಜೊತೆಗೇ ಬಂದ 60 ಸೆಂ.ಮೀ. ಚೌಕದ ಸಾಫ್ಟ್‌ಬಾಕ್ಸ್, ಸ್ಟ್ಯಾಂಡ್, ಟ್ರಿಗರ್ ತಂದಿದ್ದೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಕ್ಯಾಮೆರಾ ಮೊದಲೇ ಇತ್ತು.

ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅವಳು ನನ್ನ ಹಾಗೇ ಕಪ್ಪು ಮೈಬಣ್ಣದವಳು. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲೆ ಎಣ್ಣೆ ಸುರಿದಂತೆ ಬಿಳಿ ಹೊಳಪು. ಕನ್ನಡಕದಲ್ಲಿ ಎರಡು ಬಿಳಿ ಚೌಕ, ಅದರ ಹಿಂದೆ ಕಣ್ಣೇ ಕಾಣಿಸುತ್ತಿಲ್ಲ. ಹಿಂದಿನ ಗೋಡೆಯ ಮೇಲೆ ಕತ್ತರಿಸಿ ಅಂಟಿಸಿದಂಥ ನೆರಳು. ಕಂಪ್ಯೂಟರಿನಲ್ಲಿ ‘ಸ್ವಲ್ಪ ಬೆಳ್ಳಗೆ’ ಮಾಡಿ ಸರಿಪಡಿಸಲು ಹೋಗಿ ಮುಖಕ್ಕೆ ಬೂದಿ ಬಳಿದ ಹಾಗಾಯಿತು. ಉಳಿದ ಮೂವತ್ತೊಂಬತ್ತು ಜನ ಸುಮ್ಮನೆ ತೆಗೆದುಕೊಂಡು ಹೋಗಿದ್ದರು. ಇವಳು ಬಾಯಿಬಿಟ್ಟು ಹೇಳಿದಳು, ಅಷ್ಟೇ ವ್ಯತ್ಯಾಸ.

ಲೈಟೇ ಸರಿ ಇಲ್ಲ, ಇನ್ನೂ ಪವರ್ ಇರುವ ಒಳ್ಳೆಯ ಕಂಪನಿಯದು ತರಬೇಕು ಅಂದುಕೊಂಡೆ. ತರುವ ಮೊದಲು ನಮ್ಮ ದಾವಣಗೆರೆಯಲ್ಲಿ ರೀಲ್ ಕಾಲದಿಂದಲೂ ಸ್ಟುಡಿಯೊ ನಡೆಸಿಕೊಂಡು ಬಂದ ಹಿರಿಯರೊಬ್ಬರ ಹತ್ತಿರ ಫೋಟೊ ಹಿಡಿದುಕೊಂಡು ಹೋದೆ. ನಾವೆಲ್ಲ ಅವರನ್ನು ಮಾಮ ಅಂತಲೇ ಕರೆಯುವುದು. ಯಾವ ಕಂಪನಿ, ಎಷ್ಟು ವಾಟ್, ಒಂದನ್ನೂ ಅವರು ಕೇಳಲಿಲ್ಲ.

‘ದೀಪ ಎಷ್ಟು ದೂರ ಇಟ್ಟಿದ್ಯೋ?’

‘ಎಂಟಡಿ ಇರ್ಬೋದು ಮಾಮ.’

‘ಅಷ್ಟ್ ದೂರ ಯಾಕಪ್ಪ?’

‘ಹತ್ರ ಇಟ್ರೆ ಪೂರ್ತಿ ಬೆಳ್ಳಗೆ ಹೊಡಿತೈತಿ.’

ಗಂಟು ಇದ್ದಿದ್ದು ಅಲ್ಲೇ. ಯೂಟ್ಯೂಬ್ ನೋಡಿ ಕಲಿತ ನನಗೆ ಹಿನ್ನೆಲೆ ಮಸುಕಾಗಿರಬೇಕು ಎಂಬ ಹುಚ್ಚು. ಅದಕ್ಕೆ ಅಪರ್ಚರನ್ನು ಎಫ್/2.8ಕ್ಕೆ ತೆರೆದಿದ್ದೆ. ಐಎಸ್‌ಒ 100ಕ್ಕಿಂತ ಕೆಳಗೆ ನನ್ನ ಕ್ಯಾಮೆರಾ ಹೋಗುವುದಿಲ್ಲ. ಶಟರ್ ವೇಗ ಹೆಚ್ಚಿಸಿದರೆ ಬೆಳಕು ಕಡಿಮೆಯಾಗಲಿಲ್ಲ, 1/200 ದಾಟಿದ ಕೂಡಲೇ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂತು. ಸ್ಟ್ರೋಬಿನ ಮಿಂಚು ಶಟರ್ ತೆರೆದಿರುವ ಕಾಲಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಶಟರಿನಿಂದ ಅದನ್ನು ಹಿಡಿತಕ್ಕೆ ತರಲು ಆಗುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಲೈಟಿನ ಪವರನ್ನು ತೀರಾ ಕೆಳಗೆ, 1/16ಕ್ಕೆ ಇಳಿಸಿದ್ದೆ. ಅಲ್ಲಿಂದ ಕೆಳಗೆ ಅದು ಇಳಿಯುತ್ತಿರಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ: ಸ್ಟ್ಯಾಂಡನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿದೆ. ಬೆಳಕು ಕಡಿಮೆಯಾಯಿತು, ಜೊತೆಗೆ ಮುಖವೂ ಕೆಟ್ಟಿತು.

ಮಾಮ ಕಿಟಕಿಯ ಹೊರಗೆ ಕೈ ತೋರಿಸಿದರು. ಸೂರ್ಯನಿಗಿಂತ ದೊಡ್ಡ ದೀಪ ಯಾವುದಿದೆ? ಆದರೂ ಮಧ್ಯಾಹ್ನದ ಬಿಸಿಲಲ್ಲಿ ನೆರಳು ಚಾಕುವಿನ ಹಾಗಿರುತ್ತದೆ. ಅಷ್ಟು ದೂರದಲ್ಲಿರುವುದರಿಂದ ನಮಗೆ ಅದು ಒಂದು ರೂಪಾಯಿಯ ಬಿಲ್ಲೆ. ಅದೇ ಮೋಡ ಮುಚ್ಚಿದ ದಿನ ಇಡೀ ಆಕಾಶವೇ ದೀಪ, ಆಗ ನೆರಳೇ ಸರಿಯಾಗಿ ಬೀಳುವುದಿಲ್ಲ. ಅಂದರೆ ಬೆಳಕು ಮೃದುವೋ ಗಡುಸೋ ಎಂಬುದನ್ನು ತೀರ್ಮಾನಿಸುವುದು ಎದುರು ಕೂತ ಮುಖಕ್ಕೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು. ನನ್ನ ಎರಡಡಿ ಸಾಫ್ಟ್‌ಬಾಕ್ಸ್ ಎರಡಡಿ ದೂರದಲ್ಲಿ ಆಕಾಶ, ಎಂಟಡಿ ದೂರದಲ್ಲಿ ಟಾರ್ಚ್. ಕಪ್ಪು ಚರ್ಮದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಚಿಕ್ಕ ದೀಪದ ಪ್ರತಿಬಿಂಬ ಚರ್ಮದ ಮೇಲೆ ಚುಕ್ಕೆಯಾಗಿ ಉರಿಯುತ್ತದೆ, ದೊಡ್ಡ ದೀಪದ್ದು ಕೆನ್ನೆಯ ಉದ್ದಕ್ಕೂ ಹರಡಿ ಮೈಬಣ್ಣವನ್ನೇ ತೋರಿಸುತ್ತದೆ. ಬೆಳ್ಳಗೆ ಮಾಡುವ ಅಗತ್ಯವೇ ಬರುವುದಿಲ್ಲ. ಇದು ಗೊತ್ತಿಲ್ಲದ ಫೋಟೊಗ್ರಾಫರುಗಳಿಂದಲೇ ನಮ್ಮಂಥವರಿಗೆ ಫೋಟೊ ಎಂದರೆ ಹಿಂಜರಿಕೆ ಅಂತ ನನಗೀಗ ಅನಿಸುತ್ತದೆ. ಆ ಪಟ್ಟಿಯಲ್ಲಿ ನಾನೂ ಇದ್ದೆ.

ಆದ್ದರಿಂದ ಲೈಟ್ ಕೊಳ್ಳಲು ಹೊರಟವರಿಗೆ ನನ್ನ ಮೊದಲ ಮಾತು: ಅಂಗಡಿಯವರು ‘ಎಷ್ಟು ಪವರ್ ಬೇಕು’ ಅಂದಾಗ ನೀವು ‘ಎಷ್ಟು ಕೆಳಗೆ ಇಳಿಯುತ್ತದೆ’ ಅಂತ ಕೇಳಿ. 400 ವಾಟ್-ಸೆಕೆಂಡಿನದು 1/16ರಲ್ಲಿ ನಿಂತರೆ ಕನಿಷ್ಠ 25. 200ರದ್ದು 1/128ರವರೆಗೆ ಇಳಿದರೆ ಎರಡಕ್ಕಿಂತ ಕಡಿಮೆ. ಹತ್ತಡಿ ಕೋಣೆಯಲ್ಲಿ ಒಬ್ಬರ ಮುಖ ತೆಗೆಯುವವರಿಗೆ ಎರಡನೆಯದೇ ವಾಸಿ. ಹತ್ತು ಜನರ ಗುಂಪಿಗೆ, ಬಿಸಿಲಲ್ಲಿ ತೆಗೆಯುವ ಮದುವೆ ಫೋಟೊಗೆ 400 ಬೇಕಾಗಬಹುದು, ಅದು ಬೇರೆ ಲೆಕ್ಕ. ಇನ್ನೊಂದು, ವಾಟ್-ಸೆಕೆಂಡ್ ಎಂದರೆ ಒಂದು ಮಿಂಚಿನ ಶಕ್ತಿ. ಎಲ್‌ಇಡಿ ದೀಪದ ಡಬ್ಬದ ಮೇಲಿರುವ ವಾಟ್ ಜೊತೆ ಅದನ್ನು ಹೋಲಿಸಬೇಡಿ. ರೀಲ್ಸ್, ವಿಡಿಯೊ ಕೂಡ ಮಾಡುವವರಿಗೆ ಎಲ್‌ಇಡಿ ಸರಿ. ಬರೀ ಫೋಟೊ ಆದರೆ ನಾನು ಸ್ಟ್ರೋಬೇ ಅನ್ನುತ್ತೇನೆ. ಎದುರು ಕೂತವರು ಕಣ್ಣು ಕಿರಿದು ಮಾಡುವುದಿಲ್ಲ, ಕೈ ಅಲುಗಿದರೂ ಫೋಟೊ ಅಲುಗುವುದಿಲ್ಲ.

ಸಾಫ್ಟ್‌ಬಾಕ್ಸಿನಲ್ಲಿ ನೋಡಬೇಕಾದ್ದು ಅಳತೆ ಮತ್ತು ಒಳಗಿನ ಬಟ್ಟೆ. ತಲೆಯಿಂದ ಎದೆಯವರೆಗಿನ ಫೋಟೊಗೆ 60×90 ಸೆಂ.ಮೀ. ಆಯತ ಅಥವಾ 95 ಸೆಂ.ಮೀ. ಎಂಟು ಮೂಲೆಯದು ಸಾಕು. 120ರದ್ದು ಚೆಂದವೇ, ಆದರೆ ನಮ್ಮ ಕೋಣೆಯಲ್ಲಿ ಅದನ್ನು ಬಿಚ್ಚಿದರೆ ಫೋಟೊಗ್ರಾಫರ್ ಹೊರಗೆ ನಿಲ್ಲಬೇಕಾಗುತ್ತದೆ. ಒಳಗೊಂದು, ಹೊರಗೊಂದು ಎರಡು ಪದರ ಬಿಳಿ ಬಟ್ಟೆ ಇರಬೇಕು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಅಪರ್ಚರ್ ಚಿಕ್ಕದು ಮಾಡಿಕೊಂಡು ಮಿಂಚುತ್ತಿರುವ ಸಾಫ್ಟ್‌ಬಾಕ್ಸಿನದೇ ಒಂದು ಫೋಟೊ ತೆಗೆಯಿರಿ. ನಡುವೆ ಮಾತ್ರ ಉರಿದು ಅಂಚು ಕಪ್ಪಾಗಿದ್ದರೆ ಅದು ಹೆಸರಿಗಷ್ಟೇ ದೊಡ್ಡದು.

ಲೈಟಿಗೂ ಬಾಕ್ಸಿಗೂ ಮೌಂಟ್ ಹೊಂದಬೇಕು. ಸಾಮಾನ್ಯವಾಗಿ ಸಿಗುವುದು ಬೋವೆನ್ಸ್ ಮೌಂಟ್. ಆ ಬ್ರಿಟಿಷ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು, ಅದರ ಮೌಂಟನ್ನು ಮಾತ್ರ ಬೇರೆ ಅನೇಕ ಕಂಪನಿಗಳು ಇನ್ನೂ ಬಳಸುತ್ತಿವೆ. ಬೇರೆ ಮೌಂಟಿನ ಲೈಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಮುಂದೆ ಪ್ರತಿ ಬಾಕ್ಸಿಗೂ ಅಡಾಪ್ಟರ್ ಹುಡುಕುವ ಪಾಡು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಇನ್ನೆರಡು ಎಚ್ಚರಿಕೆ. ತೀರಾ ಹಳೆಯ ಸ್ಟ್ರೋಬುಗಳ ಸಿಂಕ್ ವೋಲ್ಟೇಜ್ ಹೆಚ್ಚಿರುತ್ತದೆ. ಅಂಥವನ್ನು ವೈರಿನಿಂದ ನೇರ ಡಿಜಿಟಲ್ ಕ್ಯಾಮೆರಾಗೆ ಸಿಕ್ಕಿಸಿದರೆ ಕ್ಯಾಮೆರಾ ಹೋಗಬಹುದು, ವೈರ್‌ಲೆಸ್ ಟ್ರಿಗರ್ ಬಳಸಿ. ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಹೊಸ ಲೈಟ್ ತರುತ್ತೇನೆ ಅಂದದ್ದಕ್ಕೆ ಮಾಮ ಬೈದರು. ‘ಇರೋದನ್ನ ಮೊದ್ಲು ಹತ್ರ ತರೋ. ಅಪರ್ಚರ್ ಚಿಕ್ಕದು ಮಾಡು. ಹಿಂದೆ ಮಸುಕಾಗ್ಬೇಕು ಅಂದ್ರೆ ಹುಡ್ರುನ್ನ ಗೋಡೆಯಿಂದ ಮುಂದಕ್ಕೆ ಕೂರ್ಸು.’

ಹಾಗೇ ಮಾಡಿದೆ. ಸ್ಟೂಲನ್ನು ಗೋಡೆಯಿಂದ ಐದಡಿ ಮುಂದಕ್ಕೆ ಎಳೆದೆ. ಸಾಫ್ಟ್‌ಬಾಕ್ಸ್ ಎರಡೂವರೆ ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ, ಕಣ್ಣಿಗಿಂತ ತುಸು ಮೇಲೆ. ಕೂಡಲೇ ಗೋಡೆಯೂ ತನ್ನಷ್ಟಕ್ಕೆ ಕಪ್ಪಾಯಿತು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಅಂತ ಪಿಯುಸಿ ಫಿಸಿಕ್ಸ್ ಓದಿದವರಿಗೆ ಗೊತ್ತು. ದೀಪ ಮುಖಕ್ಕೆ ಹತ್ತಿರ ಬಂದಷ್ಟೂ ಮುಖದ ಲೆಕ್ಕದಲ್ಲಿ ಗೋಡೆ ದೂರವಾಗುತ್ತದೆ. ಕಪ್ಪು ಪರದೆಗೆ ಅಂತ ಎತ್ತಿಟ್ಟಿದ್ದ ದುಡ್ಡು ಉಳಿಯಿತು. ಆದರೆ ಇಷ್ಟು ಹತ್ತಿರದಲ್ಲಿ ಕೂತವರು ಅರ್ಧ ಅಡಿ ಬಾಗಿದರೂ ಬೆಳಕು ಏರುಪೇರಾಗುತ್ತದೆ, ಅದಕ್ಕೇ ಸ್ಟೂಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದೆ.

ಒಂದು ತಂಟೆ ಉಳಿದಿತ್ತು. ನಮ್ಮ ಕೋಣೆಯ ಗೋಡೆ ಗಿಳಿಹಸಿರು. ದೀಪ ಇಲ್ಲದ ಕಡೆಯ ಕೆನ್ನೆಗೆ ಹಸಿರು ಛಾಯೆ ಹೊಡೆಯುತ್ತಿತ್ತು. ಆ ಬದಿಯ ಗೋಡೆಗೆ ಅಜ್ಜನ ಕರಿ ಕಂಬಳಿ ತೂಗುಹಾಕಿದೆ. ಹಸಿರೇನೋ ಹೋಯಿತು, ಆದರೆ ನೆರಳು ಬಹಳ ಗಾಢವಾಯಿತು. ಅದಕ್ಕೆ ಕಂಬಳಿಯ ಮುಂದೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದೆ, ಸರಿಹೋಯಿತು. ಕೋಣೆಯ ಟ್ಯೂಬ್‌ಲೈಟ್ ಆರಿಸಿದೆ. ಸ್ಟ್ಯಾಂಡಿನ ಕಾಲಿಗೆ ಎಂ-ಸ್ಯಾಂಡ್ ತುಂಬಿದ ಚೀಲ. ಒಮ್ಮೆ ಫ್ಯಾನ್ ಗಾಳಿಗೆ ಸಾಫ್ಟ್‌ಬಾಕ್ಸ್ ಸಮೇತ ಬಿದ್ದು ತಮ್ಮನ ಭುಜ ಕೆಂಪಾಗಿತ್ತು.

ಮೂರು ದಿನ ಬಿಟ್ಟು ಎಲ್ಲರಿಗೂ ಮೆಸೇಜ್ ಹಾಕಿದೆ: ಇನ್ನೊಮ್ಮೆ ತೆಗೆಯುತ್ತೇನೆ, ದುಡ್ಡು ಬೇಡ. ಇಪ್ಪತ್ತಾರು ಜನ ಬಂದರು. ಆ ಹುಡುಗಿ ಬರಲಾರಳು ಅಂದುಕೊಂಡಿದ್ದೆ, ಸಂಜೆ ಕೊನೆಯವಳಾಗಿ ಬಂದಳು. ಕೂರುವ ಮೊದಲೇ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು.

‘ಹಾಕ್ಕೊಳ್ಳಮ್ಮ, ಪರ್ವಾಗಿಲ್ಲ’ ಅಂದೆ. ಲೈಟನ್ನು ಇನ್ನು ಅರ್ಧ ಅಡಿ ಮೇಲಕ್ಕೂ ಒಂಚೂರು ಪಕ್ಕಕ್ಕೂ ಸರಿಸಿದೆ, ಗಲ್ಲ ಸ್ವಲ್ಪ ತಗ್ಗಿಸಲು ಹೇಳಿದೆ. ಗಾಜಿನಲ್ಲಿದ್ದ ಬಿಳಿ ಚೌಕ ಮೇಲಕ್ಕೆ ಜಾರಿ ಮಾಯವಾಯಿತು. ಕಣ್ಣಿನಲ್ಲಿ ಮಾತ್ರ ಸಣ್ಣ ಕಿಟಕಿಯ ಹಾಗೆ ಒಂದು ಮಿಣುಕು ಉಳಿಯಿತು.

ಏಳನೇ ಕ್ಲಿಕ್ಕಿನದನ್ನು ತೋರಿಸಿದೆ. ಅವಳು ಕ್ಯಾಮೆರಾ ಕೈಗೆ ತೆಗೆದುಕೊಂಡು ಮುಖವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಬಣ್ಣ ತಿದ್ದಿಲ್ಲ ತಾನೇ ಅಂತ ಕೇಳಿದಳು. ಇಲ್ಲ ಅಂದೆ. ‘ತಿದ್ಬೇಡಿ ಅಣ್ಣ, ಹಿಂಗೇ ಕಳ್ಸಿ’ ಅಂದು ಮೊಬೈಲ್ ನಂಬರ್ ಇನ್ನೊಮ್ಮೆ ಬರೆದುಕೊಟ್ಟು ಹೋದಳು.