ಸಿ.ಸಿ. ಕ್ಯಾಮೆರಾ ಚಿತ್ರ ಮಸುಕಾಗಿದೆಯೇ? ಹೊಸದನ್ನು ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಮನೆಯ ಮುಂಬಾಗಿಲು, ಅಡಿಕೆ ಒಣಹಾಕುವ ಅಂಗಳ, ದನದ ಕೊಟ್ಟಿಗೆ, ಗ್ರಾಮ ಪಂಚಾಯತಿ ಕಚೇರಿ, ಕುಡಿಯುವ ನೀರಿನ ಪಂಪ್‌ಮನೆ ಮುಂತಾದ ಕಡೆಗಳಲ್ಲಿ ಸಿ.ಸಿ. ಕ್ಯಾಮೆರಾ ಅಳವಡಿಸುವುದು ಗ್ರಾಮೀಣ ಪ್ರದೇಶದಲ್ಲಿಯೂ ಈಗ ಸಾಮಾನ್ಯವಾಗಿದೆ. ಆದರೆ ಕಳವು ನಡೆದ ಮರುದಿನ ದೃಶ್ಯವನ್ನು ತೆರೆದು ನೋಡಿದಾಗ ಅನೇಕ ಸಂದರ್ಭಗಳಲ್ಲಿ ಕಾಣುವುದು ಬಿಳಿಯ ಮಬ್ಬು ಮತ್ತು ಅದರೊಳಗೆ ಚಲಿಸುವ ಒಂದು ಆಕೃತಿ ಮಾತ್ರ. ಬಂದವರು ಯಾರೆಂದು ಗುರುತಿಸಲಾಗದಿದ್ದಲ್ಲಿ ಕ್ಯಾಮೆರಾ ಇದ್ದೂ ಇಲ್ಲದಂತೆಯೇ ಸರಿ. ಇಂತಹ ಸಂದರ್ಭದಲ್ಲಿ ಕ್ಯಾಮೆರಾ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುವುದು ವಾಡಿಕೆ. ವಾಸ್ತವದಲ್ಲಿ ದೋಷವು ಗಾಜಿನ ಮೇಲಿನ ಧೂಳು, ವಿದ್ಯುತ್ ಪೂರೈಕೆ, ತಂತಿಯ ಜೋಡಣೆ ಅಥವಾ ತಪ್ಪು ಹೊಂದಾಣಿಕೆಯಲ್ಲಿಯೂ ಇರಬಹುದು. ಇವುಗಳನ್ನು ಅಲ್ಪ ವೆಚ್ಚದಲ್ಲಿ ಸರಿಪಡಿಸಲು ಸಾಧ್ಯ.

ದೋಷದ ಮೂಲವನ್ನು ಗುರುತಿಸುವ ಬಗೆ

ಪ್ರಥಮವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ದೋಷವು ಎಲ್ಲ ಕ್ಯಾಮೆರಾಗಳಲ್ಲಿದೆಯೇ ಅಥವಾ ಒಂದರಲ್ಲಿ ಮಾತ್ರವೇ? ಹಗಲಿನಲ್ಲಿಯೂ ಇದೆಯೇ ಅಥವಾ ರಾತ್ರಿ ಮಾತ್ರವೇ? ಟಿ.ವಿ. ಪರದೆಯ ಮೇಲೆಯೂ ಇದೆಯೇ ಅಥವಾ ಮೊಬೈಲ್‌ನಲ್ಲಿ ಮಾತ್ರವೇ? ಎಲ್ಲ ಕ್ಯಾಮೆರಾಗಳಲ್ಲಿ ಒಂದೇ ಬಗೆಯ ದೋಷವಿದ್ದರೆ ಸಾಮಾನ್ಯವಾಗಿ ಅದರ ಮೂಲ ಡಿ.ವಿ.ಆರ್. ಅಥವಾ ವಿದ್ಯುತ್ ಪೂರೈಕೆ ಪೆಟ್ಟಿಗೆಯಲ್ಲಿರುತ್ತದೆ. ಒಂದರಲ್ಲಿ ಮಾತ್ರವಿದ್ದರೆ ಆ ಕ್ಯಾಮೆರಾದ ತಂತಿಯನ್ನು ಡಿ.ವಿ.ಆರ್. ಹಿಂಬದಿಯಲ್ಲಿ, ಚಿತ್ರ ಸರಿಯಾಗಿ ಬರುತ್ತಿರುವ ಬೇರೊಂದು ಸ್ಥಾನಕ್ಕೆ ಬದಲಿಸಿ ನೋಡಬೇಕು. ದೋಷವು ಹೊಸ ಸ್ಥಾನದಲ್ಲಿಯೂ ಕಂಡುಬಂದರೆ ಕ್ಯಾಮೆರಾ ಅಥವಾ ತಂತಿ ಸರಿಯಿಲ್ಲ. ಹಳೆಯ ಸ್ಥಾನದಲ್ಲಿಯೇ ಉಳಿದರೆ ಡಿ.ವಿ.ಆರ್. ಸರಿಯಿಲ್ಲ. ಆನಂತರ ಕ್ಯಾಮೆರಾವನ್ನು ಕೆಳಗಿಳಿಸಿ ಗಿಡ್ಡ ತಂತಿಯಿಂದ ನೇರವಾಗಿ ಜೋಡಿಸಿದರೆ ದೋಷ ಕ್ಯಾಮೆರಾದ್ದೋ ತಂತಿಯದ್ದೋ ಎಂಬುದೂ ಸ್ಪಷ್ಟವಾಗುತ್ತದೆ.

ರಾತ್ರಿಯ ಬಿಳಿ ಮಬ್ಬು

ಕತ್ತಲಾದೊಡನೆ ಕ್ಯಾಮೆರಾದ ಸುತ್ತಲಿನ ಅವಕೆಂಪು ದೀಪಗಳು ಉರಿಯುತ್ತವೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. ಮಸೂರದ ಮುಂದೆ ಜೇಡರ ಬಲೆಯ ಒಂದು ಎಳೆಯಿದ್ದರೂ ಆ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಹಗಲಿನಲ್ಲಿ ಚಿತ್ರ ಸರಿಯಾಗಿದ್ದು ರಾತ್ರಿ ಮಾತ್ರ ಮಸುಕಾಗಲು ಇದೊಂದು ಪ್ರಮುಖ ಕಾರಣ. ಮೊದಲು ಧೂಳನ್ನು ಊದಿ, ನಂತರ ಮೃದುವಾದ ಒದ್ದೆ ಬಟ್ಟೆಯಿಂದ ಗಾಜನ್ನು ಒರೆಸಬೇಕು. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಸೀಮೆಎಣ್ಣೆ, ಥಿನ್ನರ್ ಬಳಸಿದರೆ ಪ್ಲಾಸ್ಟಿಕ್ ಹೊದಿಕೆ ಶಾಶ್ವತವಾಗಿ ಮಂಕಾಗುತ್ತದೆ.

ಗುಮ್ಮಟದಾಕಾರದ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಹೊದಿಕೆಗೂ ನಡುವಿನ ಸ್ಪಂಜಿನ ಬಳೆ ಜರುಗಿದ್ದರೆ ದೀಪದ ಬೆಳಕು ಒಳಗೇ ಪ್ರತಿಫಲಿಸುತ್ತದೆ. ಕ್ಯಾಮೆರಾಗೆ ತೀರಾ ಸಮೀಪದಲ್ಲಿ ಸುಣ್ಣ ಬಳಿದ ಗೋಡೆ, ಸಜ್ಜಾ ಅಥವಾ ತೂಗುವ ಎಲೆಗಳಿದ್ದರೂ ಇದೇ ಪರಿಣಾಮವಾಗುತ್ತದೆ. ಮಳೆಗಾಲದಲ್ಲಿ ಹೊದಿಕೆಯ ಒಳಭಾಗದಲ್ಲಿ ಹನಿಗಟ್ಟಿದರೆ ತೇವ ಒಳನುಗ್ಗಿದೆಯೆಂದು ತಿಳಿಯಬೇಕು. ಹೊದಿಕೆಯನ್ನು ತೆಗೆದು ಒಣಗಿಸಿ, ರಬ್ಬರ್ ಪಟ್ಟಿಯನ್ನು ಸರಿಯಾಗಿ ಕೂರಿಸಬೇಕು.

ವಿದ್ಯುತ್ ಕೊರತೆಯ ಲೆಕ್ಕ

ರಾತ್ರಿ ಚಿತ್ರವು ನಡುಗುವುದು, ಕಪ್ಪಾಗುವುದು ಅಥವಾ ಕ್ಯಾಮೆರಾ ಪದೇ ಪದೇ ಆರಿ ಹೊತ್ತಿಕೊಳ್ಳುವುದು ವಿದ್ಯುತ್ ಸಾಲದಿರುವುದರ ಲಕ್ಷಣ. ಉದಾಹರಣೆಗೆ, ಮನೆಯಿಂದ 60 ಮೀಟರ್ ದೂರದ ಕೊಟ್ಟಿಗೆಗೆ 0.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 12 ವೋಲ್ಟ್ ಒಯ್ಯಲಾಗಿದೆ ಎಂದಿಟ್ಟುಕೊಳ್ಳೋಣ. ಹೋಗಿ ಬರುವ ಒಟ್ಟು 120 ಮೀಟರ್ ತಂತಿಯ ರೋಧ ಸುಮಾರು 4.2 ಓಮ್. ಹಗಲಿನಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೆ 0.84 ವೋಲ್ಟ್ ನಷ್ಟವಾಗಿ 11 ವೋಲ್ಟ್‌ಗಿಂತ ಹೆಚ್ಚೇ ತಲುಪುತ್ತದೆ. ರಾತ್ರಿ ದೀಪಗಳು ಉರಿದು 0.5 ಆಂಪಿಯರ್ ಎಳೆದಾಗ ನಷ್ಟ 2.1 ವೋಲ್ಟ್, ಕ್ಯಾಮೆರಾಗೆ ತಲುಪುವುದು 9.9 ವೋಲ್ಟ್ ಮಾತ್ರ. ಶೇ. 10ರಷ್ಟು ಏರಿಳಿತವನ್ನು ಮಾತ್ರ ತಾಳುವ ಕ್ಯಾಮೆರಾಗೆ ಕನಿಷ್ಠ 10.8 ವೋಲ್ಟ್ ಬೇಕಾಗುತ್ತದೆ.

ಆದುದರಿಂದ ಮಲ್ಟಿಮೀಟರ್‌ನಿಂದ ಅಳೆಯುವಾಗ ಪೂರೈಕೆ ಪೆಟ್ಟಿಗೆಯ ಬಳಿಯಲ್ಲದೆ ಕ್ಯಾಮೆರಾದ ತುದಿಯಲ್ಲಿ, ದೀಪ ಉರಿಯುತ್ತಿರುವಾಗ ಅಳೆಯಬೇಕು. ಹಗಲಿನಲ್ಲಾದರೆ ಬೆಳಕಿನ ಸಂವೇದಕವನ್ನು ಕೈಯಿಂದ ಮುಚ್ಚಿ ದೀಪ ಉರಿಸಬಹುದು. ಕೊರತೆ ಕಂಡುಬಂದಲ್ಲಿ ದಪ್ಪ ತಂತಿ ಎಳೆಯುವುದು ಅಥವಾ ಕ್ಯಾಮೆರಾದ ಸಮೀಪದಲ್ಲಿಯೇ ಪ್ರತ್ಯೇಕ ಅಡಾಪ್ಟರ್ ಅಳವಡಿಸುವುದು ಪರಿಹಾರ. ಇಂತಹ ಸ್ಥಳದಲ್ಲಿ ಹೊಸ ಕ್ಯಾಮೆರಾ ಹಾಕಿದರೂ ದೋಷ ಮರುಕಳಿಸುತ್ತದೆ.

ಗೆರೆಗಳು ಮತ್ತು ಮಿನುಗುವಿಕೆ

ಚಿತ್ರದಲ್ಲಿ ಅಡ್ಡಪಟ್ಟಿಗಳು ಮೇಲೇರುತ್ತಿದ್ದರೆ ಕ್ಯಾಮೆರಾ ಹಾಗೂ ಡಿ.ವಿ.ಆರ್. ಬೇರೆ ಬೇರೆ ವಿದ್ಯುತ್ ಮೂಲಗಳಲ್ಲಿದ್ದು ಅವುಗಳ ಅರ್ತಿಂಗ್‌ನಲ್ಲಿ ವ್ಯತ್ಯಾಸವಿರುವ ಸಾಧ್ಯತೆಯಿದೆ. ಎರಡನ್ನೂ ಒಂದೇ ಮೂಲಕ್ಕೆ ಜೋಡಿಸಿ ನೋಡಬೇಕು. ಕ್ಯಾಮೆರಾ ತಂತಿಯನ್ನು 230 ವೋಲ್ಟ್ ತಂತಿ ಅಥವಾ ಮೋಟಾರಿನ ತಂತಿಯೊಡನೆ ಒಂದೇ ಪೈಪಿನಲ್ಲಿ ಒಯ್ಯಬಾರದು. ತುದಿಯ ಬಿ.ಎನ್.ಸಿ. ಕನೆಕ್ಟರ್ ತುಕ್ಕು ಹಿಡಿದಿದ್ದರೂ ಚಿತ್ರ ಕಲಕುತ್ತದೆ; ಅದನ್ನು ಕತ್ತರಿಸಿ ಹೊಸದನ್ನು ಹಾಕುವುದು ಲೇಸು. ಟ್ಯೂಬ್‌ಲೈಟ್ ಇರುವ ಕೊಠಡಿಯಲ್ಲಿ ಚಿತ್ರ ಮಿನುಗುತ್ತಿದ್ದರೆ ಹೊಂದಾಣಿಕೆಯಲ್ಲಿ 60 ಹರ್ಟ್ಸ್ ಬದಲಿಗೆ ನಮ್ಮ ವಿದ್ಯುತ್ ಜಾಲಕ್ಕೆ ತಕ್ಕ 50 ಹರ್ಟ್ಸ್ ಆಯ್ಕೆ ಮಾಡಬೇಕು.

ಮೊಬೈಲ್ ಚಿತ್ರ ಮತ್ತು ಸಂಗ್ರಹ

ಡೇಟಾ ಉಳಿಸುವ ಸಲುವಾಗಿ ಮೊಬೈಲ್ ಆ್ಯಪ್ ಸಾಮಾನ್ಯವಾಗಿ ‘ಸಬ್ ಸ್ಟ್ರೀಮ್’ ಎಂಬ ಕಡಿಮೆ ಗುಣಮಟ್ಟದ ಚಿತ್ರವನ್ನು ತೋರಿಸುತ್ತದೆ. ಮೊಬೈಲ್‌ನಲ್ಲಿ ಮಸುಕಾಗಿದ್ದ ಮಾತ್ರಕ್ಕೆ ದಾಖಲಾದ ದೃಶ್ಯವೂ ಮಸುಕೆಂದು ತೀರ್ಮಾನಿಸಬಾರದು. ‘ಮೇನ್ ಸ್ಟ್ರೀಮ್’ ಆರಿಸಿ ನೋಡಬೇಕು.

ಇನ್ನೊಂದೆಡೆ, ಹೆಚ್ಚು ದಿನಗಳ ದೃಶ್ಯ ಉಳಿಯಲೆಂದು ದಾಖಲಾತಿಯ ಗುಣಮಟ್ಟವನ್ನೇ ತಗ್ಗಿಸಿರುವುದೂ ಉಂಟು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಿರಂತರ ದಾಖಲಿಸುವ ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿ.ಬಿ. ಬೇಕು. ನಾಲ್ಕು ಕ್ಯಾಮೆರಾಗಳಿಗೆ 1 ಟಿ.ಬಿ. ಹಾರ್ಡ್ ಡಿಸ್ಕ್ ಸುಮಾರು 11 ದಿನಗಳಿಗೆ ಸಾಕಾಗುತ್ತದೆ. ತದನಂತರ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಒಂದು ತಿಂಗಳ ದೃಶ್ಯ ಬೇಕಿದ್ದಲ್ಲಿ ಗುಣಮಟ್ಟ ತಗ್ಗಿಸುವ ಬದಲು ದೊಡ್ಡ ಡಿಸ್ಕ್ ಅಳವಡಿಸುವುದು ಅಥವಾ ಉಪಕರಣದಲ್ಲಿ ಲಭ್ಯವಿದ್ದರೆ ಎಚ್.265 ವಿಧಾನವನ್ನು ಆರಿಸುವುದು ಸೂಕ್ತ.

ದೂರದ ಮಿತಿ

ಎಲ್ಲವೂ ಸರಿಯಿದ್ದರೂ ಮುಖ ಗುರುತಾಗದಿರಲು ದೂರವೇ ಕಾರಣವಾಗಿರಬಹುದು. ಅಪರಿಚಿತ ವ್ಯಕ್ತಿಯನ್ನು ಗುರುತಿಸಲು, ಆತ ನಿಂತಿರುವಲ್ಲಿ ದೃಶ್ಯದ ಅಗಲದ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ದೃಶ್ಯದ ಅಗಲ 7.7 ಮೀಟರ್ ಮೀರಬಾರದು. ಸುಮಾರು 100 ಡಿಗ್ರಿ ನೋಟವುಳ್ಳ 2.8 ಮಿ.ಮೀ. ಮಸೂರದಲ್ಲಿ ಈ ಅಗಲವು ಕೇವಲ 3 ಮೀಟರ್ ಚಿಲ್ಲರೆ ದೂರದಲ್ಲಿಯೇ ಮುಗಿಯುತ್ತದೆ. ಅದರಾಚೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಇಲ್ಲದ ವಿವರ ಮೂಡುವುದಿಲ್ಲ. ಆದ್ದರಿಂದ ಇಡೀ ಅಂಗಳ ನೋಡಲು ಒಂದು ಕ್ಯಾಮೆರಾ ಇದ್ದರೆ, ಎಲ್ಲರೂ ಹಾದುಹೋಗಲೇಬೇಕಾದ ಗೇಟು ಅಥವಾ ಬಾಗಿಲಿಗೆ ಹತ್ತಿರದಿಂದ ಇನ್ನೊಂದು ಇರಬೇಕು. ಅದನ್ನು ಸೂರಿನೆತ್ತರದಲ್ಲಿ ಕೂರಿಸಿದರೆ ಮುಖದ ಬದಲು ನೆತ್ತಿ ಕಾಣುತ್ತದೆ ಎಂಬುದನ್ನೂ ಗಮನಿಸಬೇಕು.

ಸಾಕ್ಷ್ಯವಾಗಿ ದೃಶ್ಯ

ಚಿತ್ರ ಸ್ಪಷ್ಟವಾಗಿದ್ದರೂ ಅದರ ಮೇಲಿನ ದಿನಾಂಕ, ವೇಳೆ ತಪ್ಪಾಗಿದ್ದರೆ ಅನುಮಾನಕ್ಕೆ ಎಡೆಯಾಗುತ್ತದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ವೇಳೆ ಹಿಂದಕ್ಕೆ ಜಾರುತ್ತಿದ್ದರೆ ಡಿ.ವಿ.ಆರ್. ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಘಟನೆ ನಡೆದೊಡನೆ ದೃಶ್ಯದ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. ಟಿ.ವಿ. ಪರದೆಯನ್ನು ಮೊಬೈಲ್‌ನಿಂದ ಚಿತ್ರೀಕರಿಸಿಟ್ಟುಕೊಂಡರೆ ಸಾಲದು. ಮೂಲ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೂಬಾರದು.

ತಿಂಗಳಿಗೊಮ್ಮೆ ಗಾಜು ಒರೆಸುವುದು, ರಾತ್ರಿಯ ದೃಶ್ಯವೊಂದನ್ನು ತೆರೆದು ನೋಡುವುದು, ವೇಳೆಯನ್ನು ತಾಳೆ ನೋಡುವುದು ಹಾಗೂ ಎಷ್ಟು ದಿನಗಳ ದೃಶ್ಯ ಉಳಿದಿದೆಯೆಂದು ಪರೀಕ್ಷಿಸುವುದು, ಈ ನಾಲ್ಕು ಕೆಲಸಗಳಿಗೆ ಅರ್ಧ ಗಂಟೆ ಸಾಕು. ಏಣಿ ಹತ್ತುವಾಗ ಕೆಳಗೆ ಹಿಡಿಯಲು ಮತ್ತೊಬ್ಬರು ಇರತಕ್ಕದ್ದು. ತಂತಿ ಬಿಚ್ಚುವ ಮೊದಲು ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು. ಕ್ಯಾಮೆರಾದ ದಿಕ್ಕು ಬದಲಿಸುವಾಗ ಅದು ನೆರೆಮನೆಯ ಅಂಗಳ, ಸ್ನಾನಗೃಹ ಅಥವಾ ಶೌಚಾಲಯದ ಕಡೆಗೆ ತಿರುಗದಂತೆ ಎಚ್ಚರ ವಹಿಸತಕ್ಕದ್ದು.